ಹೊಗೆಸೊಪ್ಪಿನ ಉಗ್ರಾಣದಿಂದ ಬೆಳೆದ ಊರು

ಅಮೆರಿಕದ ರಾಜಧಾನಿಯಿಂದ ಪೊಟೋಮ್ಯಾಕ್ ನದಿಯ ಗುಂಟ ತುಸು ಕೆಳಗೆ ಬಂದರೆ ಅಲೆಕ್ಸಾಂಡ್ರಿಯಾ ಸಿಗುತ್ತದೆ. ಹಳೆಯ ಬೀದಿಗಳಿಗೆ ಇವತ್ತಿಗೂ ಕಿಂಗ್, ಕ್ವೀನ್, ಪ್ರಿನ್ಸ್, ಡ್ಯೂಕ್ ಎಂಬ ಹೆಸರುಗಳೇ. ಬ್ರಿಟಿಷ್ ದೊರೆಯ ವಿರುದ್ಧ ಹೋರಾಡಿ ಗೆದ್ದ ಜಾರ್ಜ್ ವಾಷಿಂಗ್ಟನ್‌ನ ಪೇಟೆ ಇದು. ಅವನ ಮೌಂಟ್ ವರ್ನನ್ ಎಸ್ಟೇಟು ಇಲ್ಲಿಂದ ಸುಮಾರು 14 ಕಿ.ಮೀ. ದೂರದಲ್ಲಿದೆ.

ಊರು ಹುಟ್ಟುವ ಮೊದಲು ಇಲ್ಲಿದ್ದದ್ದು ಹೊಗೆಸೊಪ್ಪಿನ ಒಂದು ಉಗ್ರಾಣ. ರಫ್ತಾಗುವ ಹೊಗೆಸೊಪ್ಪನ್ನೆಲ್ಲ ಸರ್ಕಾರಿ ಉಗ್ರಾಣದಲ್ಲಿ ಪರೀಕ್ಷೆ ಮಾಡಿಸಬೇಕೆಂದು ವರ್ಜೀನಿಯಾ ವಸಾಹತು 1730ರಲ್ಲಿ ಕಾನೂನು ತಂದಿತು. ಸೊಪ್ಪನ್ನು ಒತ್ತಿ ತುಂಬಿದ ಒಂದೊಂದು ಪೀಪಾಯಿ ಸಾವಿರ ಪೌಂಡ್ ಆಸುಪಾಸು ತೂಗುತ್ತಿತ್ತು. ಅದನ್ನು ಉರುಳಿಸಿಕೊಂಡು ಬರುವುದಕ್ಕೆಂದೇ ರಸ್ತೆಗಳಿದ್ದವು. ಪರೀಕ್ಷಕರು ಪೀಪಾಯಿ ಬಿಚ್ಚಿ ನೋಡಿ, ಕೆಟ್ಟ ಸೊಪ್ಪನ್ನು ಸುಟ್ಟುಹಾಕಿ, ಒಳ್ಳೆಯದಕ್ಕೆ ಚೀಟಿ ಕೊಡುತ್ತಿದ್ದರು. ಆ ಚೀಟಿ ಊರಲ್ಲಿ ನಗದಿನಂತೆಯೇ ಕೈಯಿಂದ ಕೈಗೆ ಓಡಾಡುತ್ತಿತ್ತು. ಹಂಟಿಂಗ್ ಕ್ರೀಕ್ ಹಳ್ಳದ ಬಳಿಯ ಇಂಥ ಉಗ್ರಾಣದ ಪಕ್ಕದಲ್ಲಿ 1749ರಲ್ಲಿ ಅರ್ಧರ್ಧ ಎಕರೆಯ ನಿವೇಶನಗಳು ಹರಾಜಾದವು. ಯಾವ ನಿವೇಶನ ಯಾರ ಪಾಲಾಯಿತೆಂಬ ನಕ್ಷೆಯನ್ನು ಬರೆದವನು 17 ವರ್ಷದ ಸರ್ವೇದಾರ ಹುಡುಗ ವಾಷಿಂಗ್ಟನ್.

ಊರೇನೋ ಎದ್ದಿತು. ಆದರೆ ಸುತ್ತಲಿನ ದೊಡ್ಡ ತೋಟದ ಒಡೆಯರ ಲೇವಾದೇವಿ ಇಲ್ಲಿ ನಡೆಯುತ್ತಿರಲಿಲ್ಲ. ಅದೆಲ್ಲ ಲಂಡನ್ನಿನಲ್ಲಿ, ವರ್ತಕ ಏಜೆಂಟನ ಖಾತೆ ಪುಸ್ತಕದಲ್ಲಿ ನಡೆಯುತ್ತಿತ್ತು.

ಶಿವಮೊಗ್ಗ, ಶಿರಸಿಯ ಅಡಿಕೆ ಮಂಡಿ ಗೊತ್ತಿದ್ದವರಿಗೆ ಈ ಏರ್ಪಾಡು ಹೊಸದೆನಿಸದು. ಬೆಳೆಗಾರ ಮಾಲು ಕಳಿಸುತ್ತಾನೆ, ಮಂಡಿಯವನು ಮಾರಿಕೊಡುತ್ತಾನೆ, ನಡುವೆ ಬೇಕಾದ ಹಣವನ್ನು ಖಾತೆಗೆ ಬರೆದು ಕೊಡುತ್ತಾನೆ. ವರ್ಜೀನಿಯಾದಲ್ಲಿ ಇಬ್ಬರ ನಡುವೆ ಅಟ್ಲಾಂಟಿಕ್ ಸಾಗರವೇ ಇತ್ತು. ಪೀಪಾಯಿ ಲಂಡನ್ ತಲುಪಿ ಮಾರಾಟವಾಗುವವರೆಗೂ ಅದು ಬೆಳೆಗಾರನ ಸ್ವತ್ತು, ನಷ್ಟವೂ ಅವನದೇ. ಹಡಗಿನ ಬಾಡಿಗೆ, ವಿಮೆ, ಆಮದು ಸುಂಕ, ಗಾಡಿ ಕೂಲಿ, ಏಜೆಂಟನ ಕಮಿಷನ್ ಎಲ್ಲ ಕಳೆದು ಉಳಿದದ್ದು ಅವನ ಹೆಸರಿಗೆ ಜಮಾ. ಆ ಜಮೆಯ ಮೇಲೆ ಅವನು ಊರಲ್ಲಿ ಕೂತೇ ಹುಂಡಿ ಬರೆದು ಸಾಲ ತೀರಿಸುತ್ತಿದ್ದ. ಬಟ್ಟೆ, ಗುದ್ದಲಿ, ಮೊಳೆ, ಔಷಧಿ, ಕುರ್ಚಿ ಎಲ್ಲವನ್ನೂ ಅದೇ ಏಜೆಂಟನಿಂದ ಪಟ್ಟಿ ಕಳಿಸಿ ತರಿಸುತ್ತಿದ್ದ. ಹಡಗು ಮುಳುಗಬಹುದು, ಶತ್ರುಗಳ ಕೈಗೆ ಸಿಕ್ಕಬಹುದು ಎಂದು ಒಂದೇ ಕಾಗದದ ಪ್ರತಿಗಳನ್ನು ಬೇರೆ ಬೇರೆ ಹಡಗುಗಳಲ್ಲಿ ಕಳಿಸುವುದು ವಾಡಿಕೆ. ಉತ್ತರ ಕೈಸೇರಲು ತಿಂಗಳುಗಳೇ ಬೇಕು.

ವಾಷಿಂಗ್ಟನ್‌ನ ಮುಖ್ಯ ಏಜೆಂಟ್ ಲಂಡನ್ನಿನ ರಾಬರ್ಟ್ ಕ್ಯಾರಿ ಅಂಡ್ ಕಂಪನಿ. ಈ ನಂಟು ಅವನಿಗೆ ಮದುವೆಯ ಜೊತೆ ಬಂದದ್ದು. ಯಾರ್ಕ್ ನದಿ ಸೀಮೆಯ ಶ್ರೀಮಂತ ಡೇನಿಯಲ್ ಪಾರ್ಕ್ ಕಸ್ಟಿಸ್ 1757ರಲ್ಲಿ ಉಯಿಲು ಬರೆಯದೆ ತೀರಿಕೊಂಡ. ಆತನ ಹೆಂಡತಿ ಮಾರ್ಥಾ ಅದೇ ಆಗಸ್ಟಿನಲ್ಲಿ ತಾನೇ ಕ್ಯಾರಿಗೆ ಕಾಗದ ಬರೆದಳು: ಗಂಡ ಹೋದ, ಆಸ್ತಿಯ ಉಸ್ತುವಾರಿ ಇನ್ನು ನನ್ನದು, ಹೊಗೆಸೊಪ್ಪಿಗೆ ಒಳ್ಳೆಯ ಬೆಲೆ ಬರಲಿ. 1759ರ ಜನವರಿಯಲ್ಲಿ ವಾಷಿಂಗ್ಟನ್ ಅವಳನ್ನು ಮದುವೆಯಾದ. ಮೇ 1ರಂದು ಮದುವೆಯ ಪ್ರಮಾಣಪತ್ರವನ್ನು ಲಗತ್ತಿಸಿ, ಕಸ್ಟಿಸ್ ಆಸ್ತಿಯ ವ್ಯವಹಾರದ ಕಾಗದಗಳನ್ನೆಲ್ಲ ಇನ್ನು ಮುಂದೆ ನನ್ನ ಹೆಸರಿಗೇ ಬರೆಯಿರಿ ಎಂದು ಕ್ಯಾರಿಗೆ ತಿಳಿಸಿದ. ಮಾರ್ಥಾಳ ಮೂರನೇ ಒಂದು ಪಾಲಿಗೂ ಅವಳ ಇಬ್ಬರು ಮಕ್ಕಳ ಪಾಲುಗಳಿಗೂ ಬೇರೆ ಬೇರೆ ಲೆಕ್ಕ ಇಡಬೇಕಿತ್ತು.

ಮೊದಲ ವರ್ಷದ ಪಟ್ಟಿಗಳಲ್ಲಿ ಹೊಸ ಸಂಸಾರದ ಹುಮ್ಮಸ್ಸು ಕಾಣುತ್ತದೆ. ಅಲಂಕಾರಕ್ಕೆಂದು ಮಹಾವೀರರ ಎದೆಮಟ್ಟದ ಪ್ರತಿಮೆಗಳು ಬೇಕೆಂದು ವಾಷಿಂಗ್ಟನ್ ಬರೆದ: ಅಲೆಕ್ಸಾಂಡರ್, ಜೂಲಿಯಸ್ ಸೀಸರ್, ಸ್ವೀಡನ್ನಿನ ಹನ್ನೆರಡನೇ ಚಾರ್ಲ್ಸ್, ಪ್ರಷ್ಯದ ದೊರೆ; ಜೊತೆಗೆ ಎರಡು ಕಾಡುಮೃಗಗಳ ಬೊಂಬೆ. ಕೇಳಿದ ಅಳತೆಯ ವೀರರು ಲಂಡನ್ನಿನಲ್ಲಿ ಸಿಗಲಿಲ್ಲ. ಬದಲಿಗೆ ಬಂದಿಳಿದದ್ದು, ಉರಿಯುವ ಟ್ರಾಯ್ ನಗರದಿಂದ ತಂದೆಯನ್ನು ಹೊತ್ತು ನಡೆದ ಈನಿಯಸನ ಬೊಂಬೆ, ಮದ್ಯದ ದೇವರು ಬ್ಯಾಕಸ್, ಹೂವಿನ ದೇವತೆ ಫ್ಲೋರಾ, ಎರಡು ಸಿಂಹ. ಸಾಗರ ದಾಟಿ ಬಂದದ್ದನ್ನು ವಾಪಸು ಕಳಿಸುವುದು ಸುಲಭವಲ್ಲ, ಬಂದದ್ದನ್ನೇ ಇಟ್ಟುಕೊಳ್ಳಬೇಕು.

1760ರ ಸೆಪ್ಟೆಂಬರಿನ ಕಾಗದದಲ್ಲಿ ಅವನ ಸಿಟ್ಟು ಬಿಸಿಯಾಗಿಯೇ ಇದೆ. ಮಾಲು ಕಳಪೆ, ಬೆಲೆ ಮಾತ್ರ ಇದುವರೆಗೆ ಕೊಟ್ಟದ್ದಕ್ಕಿಂತ ಹೆಚ್ಚು ಎಂಬ ದೂರು. ಸರಕು ಹೊರದೇಶಕ್ಕೆ ಹೋಗುತ್ತದೆಂದು ತಿಳಿದರೆ ಲಂಡನ್ನಿನ ಅಂಗಡಿಯವರು ಹಳೆಯದನ್ನು ದಾಟಿಸಿ ಶೇ. 10ರಿಂದ 20ರಷ್ಟು ಬೆಲೆ ಏರಿಸುತ್ತಾರೆಂದೂ ಶಂಕೆ ಹೇಳಿಕೊಂಡ. ಅತ್ತ ಹೊಗೆಸೊಪ್ಪಿನ ಬೆಲೆ ಏಳಲಿಲ್ಲ, ಇತ್ತ ಸರಕಿನ ಪಟ್ಟಿ ಮೊಟಕಾಗಲಿಲ್ಲ. 1764ರ ಹೊತ್ತಿಗೆ ಕ್ಯಾರಿಗೆ ಕೊಡಬೇಕಾದ ಬಾಕಿ ಸುಮಾರು 1,800 ಪೌಂಡಿಗೆ ಮುಟ್ಟಿತು. ಏಜೆಂಟನಿಂದ ನೆನಪೋಲೆ ಬಂದಾಗ ವಾಷಿಂಗ್ಟನ್ ಬೆಳೆ ಕೈಕೊಟ್ಟ ವರ್ಷಗಳನ್ನು ವಿವರಿಸಿ, ಸಾಲಗಾರನಾಗಿರುವುದು ತನಗೆ ಎಷ್ಟು ಹಿಂಸೆಯೆಂದು ತೋಡಿಕೊಂಡ. ಮರುವರ್ಷ ಅವನ ಧಾಟಿ ಬದಲಾಯಿತು: ಬೇರೆಯವರ ಏಜೆಂಟರು ಇದಕ್ಕಿಂತ ಒಳ್ಳೆಯ ಬೆಲೆ ಕೊಡಿಸುತ್ತಿದ್ದಾರೆ ಎಂದ, ಸೆಣಬು, ಅಗಸೆ ನಾರಿಗೆ ಅಲ್ಲಿ ಏನು ಬೆಲೆ ಎಂದು ವಿಚಾರಿಸಿದ.

ಅಲೆಕ್ಸಾಂಡ್ರಿಯಾದ ದೆಸೆ ತಿರುಗಿದ್ದು ಇಲ್ಲಿಂದ. ಮೌಂಟ್ ವರ್ನನ್ನಿನಲ್ಲಿ ಹೊಗೆಸೊಪ್ಪು ಬಿಟ್ಟು ಗೋಧಿ ಬಿತ್ತಲು ಶುರುವಾಯಿತು. 1764ರಲ್ಲಿ 257 ಬುಷೆಲ್ ಇದ್ದ ಗೋಧಿ 1769ಕ್ಕೆ 6,241 ಬುಷೆಲ್ ಆಯಿತು. ಕೊಂಡವರು ಲಂಡನ್ನಿನವರಲ್ಲ, ಇದೇ ಊರಿನ ಕಾರ್ಲೈಲ್ ಅಂಡ್ ಆಡಮ್. ಜಾನ್ ಕಾರ್ಲೈಲ್ 1753ರಲ್ಲಿ ಕಟ್ಟಿ ಮುಗಿಸಿದ ಕಲ್ಲಿನ ಮನೆ ಈಗಲೂ ಇದೆ. ಗೋಧಿಯ ತೂಕದ ವಿಷಯದಲ್ಲಿ ಇವರ ಜೊತೆಗೂ ವಾಷಿಂಗ್ಟನ್ ಜಗಳವಾಡಿದ. ಆದರೆ ಈ ಜಗಳಕ್ಕೆ ಹಡಗಿನ ಹಾದಿ ಕಾಯಬೇಕಿರಲಿಲ್ಲ. ಎಸ್ಟೇಟಿನ ಹಿಟ್ಟಿನ ಗಿರಣಿಯೂ ಹೊಸದಾಗಿ ಎದ್ದಿತು, ಹಿಟ್ಟು ವೆಸ್ಟ್ ಇಂಡೀಸಿಗೆ ಹೋಯಿತು. ಹೊಗೆಸೊಪ್ಪಿನ ಕಟ್ಟೆಯಾಗಿದ್ದ ಊರು ಧಾನ್ಯದ ಪೇಟೆಯಾಯಿತು.

ಕ್ಯಾರಿಯ ಖಾತೆ ಮಾತ್ರ ಮುಂದುವರಿದೇ ಇತ್ತು. 1769ರ ಜುಲೈನಲ್ಲಿ ಸರಕಿನ ಪಟ್ಟಿಯ ಜೊತೆ ಒಂದು ಹೊಸ ಷರತ್ತು ಹೋಯಿತು: ಬ್ರಿಟಿಷ್ ಸಂಸತ್ತು ತೆರಿಗೆ ಹಾಕಿದ ಯಾವ ವಸ್ತುವನ್ನೂ ಕಳಿಸಬೇಡಿ, ಕಾಗದ ಒಂದನ್ನು ಬಿಟ್ಟು. ಕೊನೆಗೆ ಬಾಕಿ ತೀರಿದ್ದು ಬೆಳೆಯಿಂದಲ್ಲ. 1773ರ ಜೂನ್‌ನಲ್ಲಿ ಮಾರ್ಥಾಳ ಮಗಳು ಪ್ಯಾಟ್ಸಿ 17ನೇ ವಯಸ್ಸಿನಲ್ಲಿ ತೀರಿಕೊಂಡಳು. ಆ ಮಗುವಿನ ಪಾಲಿನಿಂದ ಬಂದ ಹಣದಲ್ಲಿ ಮಲತಂದೆ ಲಂಡನ್ನಿನ ಸಾಲ ಚುಕ್ತಾ ಮಾಡಿದ.

ಈ ಕಾಗದಗಳಲ್ಲಿ ಸುಂಕದ ವಿವರವಿದೆ, ಕುರ್ಚಿಯ ಅಳತೆಯಿದೆ. ಸೊಪ್ಪಿನ ಹುಳು ಆರಿಸಿ, ಚಿಗುರು ಚಿವುಟಿ, ಎಲೆ ಒಣಗಿಸಿ ಪೀಪಾಯಿ ತುಂಬಿದ ಗುಲಾಮರ ಸುದ್ದಿ ಇಲ್ಲವೆನ್ನುವಷ್ಟು ಕಡಿಮೆ. ವಾಷಿಂಗ್ಟನ್ ಸತ್ತ 1799ರಲ್ಲಿ ಮೌಂಟ್ ವರ್ನನ್ನಿನಲ್ಲಿ ಅಂಥವರು 317 ಮಂದಿ ಇದ್ದರು. ತನ್ನ ಹೆಸರಿನಲ್ಲಿದ್ದ 123 ಮಂದಿಗೆ ಅವನು ಉಯಿಲಿನಲ್ಲಿ ಬಿಡುಗಡೆ ಬರೆದ. ಕಸ್ಟಿಸ್ ಆಸ್ತಿಯ ಲೆಕ್ಕಕ್ಕೆ ಸೇರಿದ್ದವರನ್ನು ಬಿಡಿಸುವ ಹಕ್ಕು ಅವನಿಗಿರಲಿಲ್ಲ. ಅವರು ಆ ಮನೆತನದ ಮೊಮ್ಮಕ್ಕಳಿಗೆ ಹಂಚಿಹೋದರು.

ಗೋಧಿಗೆ ಹೊಗೆಸೊಪ್ಪಿನಷ್ಟು ವರ್ಷವಿಡೀ ಕೈಗಳು ಬೇಡ. ವರ್ಜೀನಿಯಾದಲ್ಲಿ ಹೆಚ್ಚಾದರೆಂದು ಒಡೆಯರು ಎಣಿಸಿದ ಗುಲಾಮರನ್ನು ದಕ್ಷಿಣದ ಹತ್ತಿ ಸೀಮೆಗೆ ಮಾರುವ ದಂಧೆ ಬೆಳೆಯಿತು. 1828ರಲ್ಲಿ ಡ್ಯೂಕ್ ಬೀದಿಯಲ್ಲಿ ಫ್ರಾಂಕ್ಲಿನ್ ಅಂಡ್ ಆರ್ಮ್‌ಫೀಲ್ಡ್ ಕಂಪನಿ ಬಾಗಿಲು ತೆರೆಯಿತು. ಜಾನ್ ಆರ್ಮ್‌ಫೀಲ್ಡ್ ಇಲ್ಲಿ ಕೂತು ಜನರನ್ನು ಕೊಂಡು ಹಡಗು ಹತ್ತಿಸುತ್ತಿದ್ದ. ಪಾಲುದಾರ ಐಸಾಕ್ ಫ್ರಾಂಕ್ಲಿನ್ ನ್ಯಾಚೆಸ್, ನ್ಯೂ ಆರ್ಲಿಯನ್ಸ್‌ಗಳಲ್ಲಿ ಮಾರುತ್ತಿದ್ದ. ಬೆಲೆ, ಬಾಕಿ, ಹುಂಡಿಗಳ ಮಾತೆಲ್ಲ ಮತ್ತೆ ಕಾಗದದಲ್ಲೇ ನಡೆಯಿತು, ಈ ಸಲ ಸರಕು ಮನುಷ್ಯರು. ಅವರ ನಂತರವೂ ಆ ಕಟ್ಟಡದಲ್ಲಿ ಬೇರೆಯವರು ಇದೇ ವ್ಯಾಪಾರ ಮಾಡಿದರು. 1861ರಲ್ಲಿ, ಅಮೆರಿಕದ ಅಂತರ್ಯುದ್ಧದ ವೇಳೆ, ಉತ್ತರದ ಸೈನ್ಯ ಊರನ್ನು ಹಿಡಿದಾಗ ಅದು ನಿಂತಿತು. 2020ರಲ್ಲಿ ನಗರಾಡಳಿತ ಆ ಕಟ್ಟಡವನ್ನು ಕೊಂಡುಕೊಂಡಿತು. ಈಗ ಅದು ಫ್ರೀಡಂ ಹೌಸ್ ಮ್ಯೂಸಿಯಂ.