ಅಂಗಡಿಯ ಗಾಡಿ, ಕಣದ ಗಾಡಿ

ಮೈಸೂರಿನ ದಸರಾ ಕುಸ್ತಿಯನ್ನು ಕಂಡವರಿಗೆ ‘ಜೋಡಿ ಕಟ್ಟುವುದು’ ಎಂದರೇನೆಂದು ಹೇಳಬೇಕಾಗಿಲ್ಲ. ಪೈಲ್ವಾನರನ್ನು ಅಖಾಡಕ್ಕೆ ಇಳಿಸುವ ಮೊದಲು ತಿಳಿದವರು ಕುಳಿತು, ಬಲಕ್ಕೆ ತಕ್ಕ ಬಲವನ್ನು ನೋಡಿ ಹೊಂದಿಸುತ್ತಾರೆ. ಜೋಡಿ ತಪ್ಪಿದರೆ ಗೆದ್ದವನಿಗೂ ಕೀರ್ತಿಯಿಲ್ಲ, ನೋಡಿದವರಿಗೂ ತೃಪ್ತಿಯಿಲ್ಲ. ಮೋಟಾರು ಗಾಡಿಗಳ ಪಂದ್ಯದಲ್ಲಿಯೂ ಇದೇ ಪ್ರಶ್ನೆ ಎದ್ದು, ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಒಂದು ಗುಡ್ಡವನ್ನು ಕಾಡಿದ ಕಥೆ ಸ್ವಾರಸ್ಯವಾದುದು.

ಆ ಗುಡ್ಡವಿರುವುದು ಆಸ್ಟ್ರೇಲಿಯದಲ್ಲಿ, ಸಿಡ್ನಿಗೆ ಪಶ್ಚಿಮದಲ್ಲಿ ಸುಮಾರು 200 ಕಿಲೋಮೀಟರು ದೂರದ ಬಾಥರ್ಸ್ಟ್ ಎಂಬ ಊರಿನಲ್ಲಿ. ಗುಡ್ಡದ ಹೆಸರು ಮೌಂಟ್ ಪನೋರಮ. ಅದನ್ನು ಏರಿ ಇಳಿಯುವ 6.213 ಕಿಲೋಮೀಟರಿನ ರಸ್ತೆ 1938ರಿಂದ ಪಂದ್ಯದ ಕಣವಾಗಿದೆ. ಪಂದ್ಯವಿಲ್ಲದ ದಿನಗಳಲ್ಲಿ ಅದು ಸಾರ್ವಜನಿಕ ರಸ್ತೆ. ಪಕ್ಕದಲ್ಲಿ ಮನೆಗಳಿವೆ, ಯಾರು ಬೇಕಾದರೂ ಗಂಟೆಗೆ 60 ಕಿಲೋಮೀಟರು ಮೀರದಂತೆ ಗಾಡಿ ಓಡಿಸಿಕೊಂಡು ಹೋಗಬಹುದು. ಒಂದು ಸುತ್ತಿನಲ್ಲಿ 174 ಮೀಟರು ಏರಿ ಅಷ್ಟೇ ಇಳಿಯಬೇಕು. ನೆತ್ತಿಯಲ್ಲಿ ದಾರಿ ಕಿರಿದು, ಎರಡೂ ಬದಿಗೆ ಕಾಂಕ್ರೀಟಿನ ಗೋಡೆ.

1960ರಲ್ಲಿ ವಿಕ್ಟೋರಿಯ ಪ್ರಾಂತದ ಫಿಲಿಪ್ ಐಲೆಂಡಿನಲ್ಲಿ 500 ಮೈಲಿಗಳ ದೀರ್ಘ ಪಂದ್ಯವೊಂದು ಆರಂಭವಾಯಿತು. ಅಲ್ಲಿಯ ರಸ್ತೆ ಹಾಳಾದುದರಿಂದ 1963ರಲ್ಲಿ ಅದು ಬಾಥರ್ಸ್ಟಿಗೆ ಬಂದಿತು. ಅದರ ಮೂಲ ನಿಯಮ ಸರಳವಾದುದು: ಅಂಗಡಿಯಲ್ಲಿ ಸಾಮಾನ್ಯ ಜನಕ್ಕೆ ಮಾರುವ ಗಾಡಿಯನ್ನೇ, ಮಾರಿದ ಸ್ಥಿತಿಯಲ್ಲಿಯೇ ಓಡಿಸಬೇಕು. 1963ರಲ್ಲಿ ಗಾಡಿಗಳನ್ನು ಅವುಗಳ ಬೆಲೆಯನ್ನು ನೋಡಿ ವರ್ಗಗಳಾಗಿ ವಿಂಗಡಿಸಿದ್ದರು. ಗಾಡಿ ಕೊಳ್ಳುವ ಗೃಹಸ್ಥನಿಗೆ ತನ್ನ ಹಣಕ್ಕೆ ಯಾವುದು ಬಾಳಿಕೆ ಬರುತ್ತದೆಂದು ತಿಳಿಯಬೇಕು. ಅದೇ ಪಂದ್ಯದ ಅರ್ಥ.

ನಿಯಮವು ಹೊರಗಿನಿಂದ ಮುರಿಯಲಿಲ್ಲ, ಒಳಗಿನಿಂದಲೇ ಸವೆಯಿತು. ಇಲ್ಲಿ ‘ಜಿ.ಟಿ.’ ಎಂಬ ಎರಡಕ್ಷರಗಳ ಕಡೆಗೆ ಗಮನವಿಡಬೇಕು. ಇಟಲಿಯ ಭಾಷೆಯಲ್ಲಿ ಅವು ‘ಗ್ರಾನ್ ಟುರಿಸ್ಮೊ’, ಎಂದರೆ ಮಹಾಪ್ರವಾಸ. ದೂರದ ಪಯಣವನ್ನು ವೇಗವಾಗಿ, ಸುಖವಾಗಿ ಮುಗಿಸುವ ಗಾಡಿಗೆ ಇಟ್ಟ ಹೆಸರು. 1963ರಲ್ಲಿ ಗೆದ್ದ ಫೋರ್ಡ್ ಕಾರ್ಟಿನಕ್ಕೂ 1967ರಲ್ಲಿ ಗೆದ್ದ ಫೋರ್ಡ್ ಫಾಲ್ಕನ್ನಿಗೂ ಈ ಬಿರುದಿತ್ತು. ಎರಡೂ ಸಂಸಾರಸ್ಥರ ಗಾಡಿಗಳ ಮೈಯಲ್ಲಿಯೇ ಬಂದವು. 1971ರ ಫಾಲ್ಕನ್ ಜಿ.ಟಿ.ಎಚ್.ಒ. ಮೂರನೆಯ ಆವೃತ್ತಿಯ ಹೊತ್ತಿಗೆ ಅಂಗಡಿಯ ಗಾಡಿಯೇ ಗಂಟೆಗೆ ಸುಮಾರು 140 ಮೈಲಿ ಓಡುವಂತಾಗಿತ್ತು. ಪಂದ್ಯಕ್ಕೆಂದೇ ಹುಟ್ಟಿದ ಗಾಡಿ, ‘ಮಾರಾಟದ ಗಾಡಿ’ ಎಂಬ ಹೆಸರು ಹೊತ್ತು, ಹಣವುಳ್ಳ ಯಾವ ತರುಣನಿಗಾದರೂ ದೊರೆಯುತ್ತಿತ್ತು.

1972ರ ಜೂನ್ 25ರಂದು ಸಿಡ್ನಿಯ ಪತ್ರಿಕೆಯೊಂದು, ಗಂಟೆಗೆ 160 ಮೈಲಿ ಓಡುವ ಗಾಡಿಗಳು ಇನ್ನೇನು ಬೀದಿಗೆ ಬರಲಿವೆಯೆಂದು ಮುಖಪುಟದಲ್ಲಿ ಎಚ್ಚರಿಸಿತು. ನ್ಯೂ ಸೌತ್ ವೇಲ್ಸಿನ ಸಾರಿಗೆ ಮಂತ್ರಿ ಮಿಲ್ಟನ್ ಮಾರಿಸ್ ಅದನ್ನು ಕಟುವಾಗಿ ವಿರೋಧಿಸಿದರು. ಕೆಲವೇ ದಿನಗಳಲ್ಲಿ ಫೋರ್ಡ್, ಹೋಲ್ಡನ್, ಕ್ರೈಸ್ಲರ್ ಮೂವರೂ ತಮ್ಮ ಹೊಸ ಯೋಜನೆಗಳನ್ನು ಕೈಬಿಟ್ಟರು. 1973ರಿಂದ, ಪಂದ್ಯದ ಗಾಡಿಯನ್ನು ಪಂದ್ಯಕ್ಕಾಗಿ ಮಾರ್ಪಡಿಸಬಹುದೆಂದು ನಿಯಮ ಬದಲಾಯಿತು. ವೇಗ ಕಣದಲ್ಲಿರಲಿ, ಬೀದಿಗೆ ಬಾರದಿರಲಿ ಎಂಬುದೇ ಇದರ ಫಲ.

ಅಂಗಡಿಯ ಗಾಡಿಗಳಿಗೆಂದು 1991ರಲ್ಲಿ ಅದೇ ಗುಡ್ಡದ ಮೇಲೆ 12 ಗಂಟೆಗಳ ಪಂದ್ಯ ಹುಟ್ಟಿತು. ಮೊದಲ ವರ್ಷ ಟೊಯೊಟ ಸುಪ್ರ ಗೆದ್ದಿತು. ಮುಂದಿನ ನಾಲ್ಕು ವರ್ಷ ಮಾಜ್ದ ಆರ್.ಎಕ್ಸ್.–7. ಐದನೆಯ ಪಂದ್ಯ, ಎಂದರೆ 1995ರದು, ಸಿಡ್ನಿಯ ಈಸ್ಟರ್ನ್ ಕ್ರೀಕಿನಲ್ಲಿ ನಡೆಯಿತು. ಆ ಸಲ ಮಾಜ್ದದವರು ಪಂದ್ಯಕ್ಕೆಂದೇ ಕೆಲವೇ ಗಾಡಿಗಳನ್ನು ವಿಶೇಷವಾಗಿ ತಯಾರಿಸಿ, ‘ಮಾರಾಟದ್ದು’ ಎಂದು ಇಳಿಸಿದ್ದರು. ಹಳೆಯ ರೋಗವೇ ಮರುಕಳಿಸಿತ್ತು. ಅಲ್ಲಿಗೆ ಪಂದ್ಯ ನಿಂತಿತು. ಬಾಥರ್ಸ್ಟಿನಲ್ಲಿ 2002 ಮತ್ತು 2003ರಲ್ಲಿ ನಡೆದ 24 ಗಂಟೆಗಳ ಪಂದ್ಯವನ್ನು ಗೆದ್ದುದು ಹೋಲ್ಡನ್ ಮೊನಾರೊ. ಜನ ಕೊಳ್ಳುತ್ತಿದ್ದ ಮೊನಾರೊವಿನ ಎಂಜಿನು 5.7 ಲೀಟರಿನದು, ಗೆದ್ದ ಗಾಡಿಯದು 7 ಲೀಟರಿನದು. ಹೆಸರೊಂದೇ, ಒಡಲು ಬೇರೆ.

12 ಗಂಟೆಯ ಪಂದ್ಯ 2007ರಲ್ಲಿ ಅಂಗಡಿಯ ಗಾಡಿಗಳಿಗಾಗಿ ಮತ್ತೆ ಜೀವ ತಳೆಯಿತು. ನಾಲ್ಕು ವರ್ಷ ಬಿ.ಎಂ.ಡಬ್ಲ್ಯು. ಮತ್ತು ಮಿತ್ಸುಬಿಷಿ ಗಾಡಿಗಳು ಎರಡೆರಡು ಸಲ ಗೆದ್ದವು. 2011ರಲ್ಲಿ ವ್ಯವಸ್ಥಾಪಕರು ಹೊರದೇಶದ ತಂಡಗಳಿಗೂ ಬಾಗಿಲು ತೆರೆದು ‘ಜಿ.ಟಿ.–3’ ವರ್ಗವನ್ನು ಬರಮಾಡಿಕೊಂಡರು. ಆ ವರ್ಷವೇ ಜರ್ಮನಿಯ ಔಡಿ ಆರ್–8 ಗಾಡಿಗಳು ಮೊದಲೆರಡು ಸ್ಥಾನಗಳನ್ನು ಪಡೆದವು.

ಈ ವರ್ಗ ಯೂರೋಪಿನಲ್ಲಿ 2006ರಲ್ಲಿ ಆರಂಭವಾದುದು. ಬೇರೆ ಬೇರೆ ಕಂಪನಿಗಳ ಗಾಡಿಗಳಲ್ಲಿ ಹೆಚ್ಚು ಬಲವುಳ್ಳದಕ್ಕೆ ತೂಕ ಹೇರಿ, ಎಂಜಿನು ಎಳೆದುಕೊಳ್ಳುವ ಗಾಳಿಯನ್ನು ತಡೆದು, ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುತ್ತಾರೆ. ಇದೂ ಒಂದು ಬಗೆಯ ಜೋಡಿ ಕಟ್ಟುವಿಕೆಯೇ. ಆದರೆ ಅಂಗಡಿಯ ಗಾಡಿಯನ್ನು ಈ ತಕ್ಕಡಿಯಲ್ಲಿ ತೂಗುವಂತಿಲ್ಲ. 2016ರಲ್ಲಿ ಜಿ.ಟಿ. ಗಾಡಿ 2 ನಿಮಿಷ 1 ಸೆಕೆಂಡಿನ ಆಸುಪಾಸಿನಲ್ಲಿ ಒಂದು ಸುತ್ತು ಮುಗಿಸಿತು. ಎರಡೂವರೆ ನಿಮಿಷ ತೆಗೆದುಕೊಳ್ಳುವ ಗಾಡಿಯನ್ನು ಅಂಥದು ಐದಾರು ಸುತ್ತಿಗೊಮ್ಮೆ ಹಿಂದಿನಿಂದ ಬಂದು ದಾಟಬೇಕು. ಅದೂ ಗೋಡೆಗಳ ನಡುವಿನ ಇಕ್ಕಟ್ಟಿನಲ್ಲಿ. ಬಡವನ ಗಾಡಿ ತನ್ನ ಪಂದ್ಯವನ್ನು ಓಡುವುದಕ್ಕಿಂತ ಕನ್ನಡಿ ನೋಡಿ ದಾರಿ ಬಿಡುವುದೇ ಹೆಚ್ಚಾಗುತ್ತದೆ.

ಹಾಗಾದರೆ 2011ರ ತೀರ್ಮಾನ ತಪ್ಪೇ? ನನಗೆ ಹಾಗೆ ತೋರುವುದಿಲ್ಲ. ಅದರಿಂದ ಪಂದ್ಯಕ್ಕೆ ಲೋಕಪ್ರಸಿದ್ಧಿ ಬಂದಿತು. ಸಾಮಾನ್ಯ ಗಾಡಿಗಳು ಅಲ್ಲಿ ಹಿನ್ನೆಲೆಗೆ ಸರಿದುದೂ ನಿಜವೇ. ಆದರೆ 2016ರಲ್ಲಿ, ಅದೇ ಗುಡ್ಡದ ಮೇಲೆ, ಈಸ್ಟರ್ ಹಬ್ಬದ ಹೊತ್ತಿಗೆ ಅವಕ್ಕೆಂದೇ 6 ಗಂಟೆಗಳ ಪ್ರತ್ಯೇಕ ಪಂದ್ಯ ಏರ್ಪಟ್ಟಿತು. ಜೋಡಿ ಸರಿಹೋಯಿತು. 1971ರಲ್ಲಿ ಜಿ.ಟಿ. ಗಾಡಿ ಗೃಹಸ್ಥನ ವೇಷದಲ್ಲಿ ಹಿತ್ತಿಲ ಬಾಗಿಲಿನಿಂದ ಬಂದಿತ್ತು; ಅದರ ಅಪಾಯವನ್ನು ಹೊರಬೇಕಾದುದು ಬೀದಿಯ ಜನ. 2011ರಲ್ಲಿ ಅದು ಸ್ವಂತ ಹೆಸರಿನಲ್ಲಿ ತಲೆಬಾಗಿಲಿನಿಂದ ಬಂದಿತು. ಬಂದವನು ಯಾರೆಂದು ತಿಳಿದ ಮೇಲೆ ಅವನಿಗೆಲ್ಲಿ, ಮನೆಯವನಿಗೆಲ್ಲಿ ಮಣೆ ಹಾಕಬೇಕೆಂಬುದನ್ನು ನಿರ್ಧರಿಸುವುದು ಕಷ್ಟವಲ್ಲ.