ಕ್ಷ-ಕಿರಣ ಬಿಂಬದ ಹುಸಿಗುರುತುಗಳು: ಒಂದು ಚಾರಿತ್ರಿಕ ವಿವೇಚನೆ

ಎಪಿಗ್ರಾಫಿಯಾ ಕರ್ನಾಟಿಕಾದ ೭ನೆಯ ಸಂಪುಟದಲ್ಲಿ ಚನ್ನಗಿರಿ, ಹೊನ್ನಾಳಿಗಳ ಶಾಸನಗಳನ್ನೂ ೧೧ನೆಯದರಲ್ಲಿ ಜಗಳೂರಿನವನ್ನೂ ಓದಿರುವವರಿಗೆ, ಹೊನ್ನಾಳಿಯಿಂದ ಈಚೆಗೆ ಬೇರೆಯಾದ ನ್ಯಾಮತಿಯ ಸೀಮೆಯಲ್ಲಿ ಕಲ್ಲುಗಳನ್ನರಸಿ ತಿರುಗಿರುವವರಿಗೆ, ಒಂದು ಸಂಗತಿ ವಿದಿತವೇ ಇದೆ. ಪಡಿಯಚ್ಚು ತೆಗೆಯುವಾಗ ಕಾಗದದ ಮಡಿಕೆಯೂ ಕಲ್ಲಿನ ಬಿರುಕೂ ಅಕ್ಷರದಂತೆ ತೋರಬಲ್ಲವು. ಅವನ್ನು ನಂಬಿದರೆ ಇಲ್ಲದ ಅರಸನೊಬ್ಬನು ವಂಶಾವಳಿಯನ್ನು ಸೇರುತ್ತಾನೆ. ರೋಗಿಯ ದೇಹವನ್ನು ಓದುವ ಯಂತ್ರದಲ್ಲಿಯೂ ಇಂತಹುದೇ ಪ್ರಮಾದವು ಸಂಭವಿಸುವುದುಂಟು; ಅಲ್ಲಿ ಪಣಕ್ಕಿರುವುದು ಪ್ರಾಣ.

೧೮೯೫ರಲ್ಲಿ ರಾಂಟ್ಗೆನ್ ಕಂಡುಹಿಡಿದ ಕ್ಷ-ಕಿರಣಗಳು ಮೊದಲು ಕೊಟ್ಟದ್ದು ದೇಹದ ನೆರಳನ್ನು. ೧೯೭೧ರ ಅಕ್ಟೋಬರ್ ೧ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಹೌನ್ಸ್‌ಫೀಲ್ಡರ ಸಿ.ಟಿ. ಯಂತ್ರವು ಮೊದಲ ರೋಗಿಯ ತಲೆಯನ್ನು ಚಿತ್ರಿಸಿತು. ಈ ಚಿತ್ರವಾದರೋ, ನಾನಾ ಕೋನಗಳಿಂದ ಹಾಯ್ದ ಕಿರಣಗಳ ಅಳತೆಯಿಂದ ಲೆಕ್ಕ ಹಾಕಿ ಕಟ್ಟಿದ್ದು.

ಈ ಲೆಕ್ಕದ ಇತಿಹಾಸದಲ್ಲಿ ಬೆಂಗಳೂರಿಗೂ ಸ್ಥಾನವುಂಟು. ಪ್ರತಿಯೊಂದು ಅಳತೆಯನ್ನು ಕಿರಣವು ಬಂದ ದಾರಿಯಲ್ಲಿಯೇ ಹಿಂದಕ್ಕೆ ಹರಡಿ ಕೂಡಿಸಿದರೆ, ಬಿಂದುಬಿಂದುವಿನ ಸುತ್ತಲೂ ನಕ್ಷತ್ರಾಕಾರದ ಮಸುಕು ಉಳಿಯುತ್ತದೆ. ಭಾರತೀಯ ವಿಜ್ಞಾನ ಮಂದಿರದ ಜಿ. ಎನ್. ರಾಮಚಂದ್ರನ್ ಮತ್ತು ಎ. ವಿ. ಲಕ್ಷ್ಮೀನಾರಾಯಣನ್ ಅವರು ೧೯೭೧ರ ಪ್ರಬಂಧವೊಂದರಲ್ಲಿ, ಹರಡುವ ಮೊದಲೇ ಅಳತೆಗಳನ್ನು ಸಂಸ್ಕರಿಸಿ ಈ ಮಸುಕನ್ನು ನೀಗುವ ಸುಲಭ ಕ್ರಮವನ್ನು ನಿರೂಪಿಸಿದರು. ಆದರೆ ಅಂಚುಗಳನ್ನು ಹರಿತಗೊಳಿಸುವ ಆ ಸಂಸ್ಕಾರವು ಅಳತೆಯ ಸಣ್ಣ ಏರುಪೇರುಗಳನ್ನೂ ಹಿಗ್ಗಿಸುತ್ತಿತ್ತು. ೧೯೭೪ರಲ್ಲಿ ಷೆಪ್ ಮತ್ತು ಲೋಗನ್ ಅದಕ್ಕಿಂತ ಮೃದುವಾದ ಕ್ರಮವನ್ನು ಸೂಚಿಸಿದರು.

ಲೆಕ್ಕವು ತಿದ್ದಿಕೊಂಡರೂ ಹುಸಿಗುರುತುಗಳು ಅಳಿಯಲಿಲ್ಲ. ಹಲ್ಲಿನಲ್ಲಿ ತುಂಬಿದ ಲೋಹವು ಗೆರೆಗಳನ್ನು ಎರಚುತ್ತದೆ. ಅಳೆಯುವ ಸಾಲಿನಲ್ಲಿ ಒಂದು ಗ್ರಾಹಕವು ತಪ್ಪಿದರೆ ಬಿಂಬದಲ್ಲಿ ಉಂಗುರವು ಮೂಡುತ್ತದೆ. ರೋಗಿಯು ಕದಲಿದರೆ ಅಂಚುಗಳು ಇಮ್ಮಡಿಯಾಗಿ ಕಾಣುತ್ತವೆ. ದಟ್ಟವಾದ ಎಲುಬು ದುರ್ಬಲ ಕಿರಣಗಳನ್ನೇ ಹೆಚ್ಚಾಗಿ ಹೀರುವುದರಿಂದ, ಕಪಾಲದ ಬುಡದ ಎರಡು ಎಲುಬುಗಳ ನಡುವೆ ಕಪ್ಪು ಪಟ್ಟಿಯೊಂದು ತೋರುತ್ತದೆ. ಅದು ರೋಗವೆಂಬ ಭ್ರಾಂತಿಯನ್ನು ಹುಟ್ಟಿಸಬಹುದು, ನಿಜವಾದ ರೋಗವನ್ನು ಮುಚ್ಚಲೂಬಹುದು.

ಇವುಗಳಿಂದ ನಾವು ಗ್ರಹಿಸಬೇಕಾದುದು ಇಷ್ಟು. ಈ ಹುಸಿಗುರುತುಗಳು ಯದೃಚ್ಛೆಯಾಗಿ ಹುಟ್ಟುವಂಥವಲ್ಲ. ಕಿರಣವೆಲ್ಲ ಒಂದೇ ಬಗೆಯದು, ರೋಗಿಯು ನಿಶ್ಚಲನು, ಗ್ರಾಹಕಗಳೆಲ್ಲ ಸಮಾನ ಎಂದು ಲೆಕ್ಕವು ಮೊದಲೇ ಒಪ್ಪಿಕೊಂಡ ಮಾತು ಎಲ್ಲಿ ಸುಳ್ಳಾಗುವುದೋ ಅಲ್ಲಿ ಅವು ತಲೆದೋರುತ್ತವೆ. ಆದುದರಿಂದ ಬಿಂಬವನ್ನು ಓದುವ ವೈದ್ಯನೂ ಶಾಸನವನ್ನು ಓದುವ ಚರಿತ್ರಕಾರನೂ ತಮ್ಮ ಆಧಾರವು ಹೇಗೆ ಸಿದ್ಧವಾಯಿತೆಂಬುದನ್ನು ಮೊದಲು ವಿಚಾರಿಸಬೇಕು. ಅದು ಹೇಳುವುದನ್ನು ಅನಂತರ ಕೇಳಬೇಕು.