ಲಾಕ್‌ಡೌನ್, 2020 (ಕರ್ನಾಟಕ)

ಕೋವಿಡ್-19 ಹರಡುವುದನ್ನು ತಡೆಯಲು 2020ರ ಮಾರ್ಚ್ 25ರಿಂದ ದೇಶದಾದ್ಯಂತ ಜಾರಿಗೆ ಬಂದ ನಿರ್ಬಂಧ. ರಾಜ್ಯದಲ್ಲಿ ಚಿತ್ರಮಂದಿರ, ಮಾಲ್‌ಗಳು ಮಾರ್ಚ್ 14ರಿಂದಲೇ ಮುಚ್ಚಿದ್ದವು. ಮಾರ್ಚ್ 29ಕ್ಕೆ ಆರಂಭವಾಗಬೇಕಿದ್ದ ಐಪಿಎಲ್ ಸೆಪ್ಟೆಂಬರ್ 19ರಿಂದ ಯುಎಇಯಲ್ಲಿ, ಪ್ರೇಕ್ಷಕರಿಲ್ಲದ ಕ್ರೀಡಾಂಗಣಗಳಲ್ಲಿ ನಡೆಯಿತು.

ದೊಡ್ಡ ಪೆಟ್ಟು ಬಿದ್ದದ್ದು ದಿನದ ದುಡಿಮೆಯವರಿಗೆ. ಕ್ಷೌರಿಕರು, ಮಡಿವಾಳರು, ಆಟೊ–ಟ್ಯಾಕ್ಸಿ ಚಾಲಕರಿಗೆ ರಾಜ್ಯ ಸರ್ಕಾರ ಮೇ 6ರಂದು ತಲಾ ₹5,000 ನೆರವು ಘೋಷಿಸಿತು; ಅಂಗಡಿ ಬಾಡಿಗೆ, ಗಾಡಿಯ ಕಂತು ಕಟ್ಟಬೇಕಾದವರಿಗೆ ಅದು ಯಾವ ಮೂಲೆಗೂ ಸಾಲುವಂತಿರಲಿಲ್ಲ. ಅದೇ ವಾರ ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯುವ ರೈಲುಗಳನ್ನು ರದ್ದುಪಡಿಸಿ, ವಿರೋಧ ಎದ್ದ ಮೇಲೆ ಮತ್ತೆ ಬಿಡಲು ಒಪ್ಪಿದ್ದು ಈ ಅವಧಿಯ ಅತ್ಯಂತ ಕಹಿ ಅಧ್ಯಾಯ.

ಕರಾವಳಿಯಲ್ಲಿ ಯಕ್ಷಗಾನ ಮೇಳಗಳು ಮೇ ಕೊನೆಯ ವಾರದ ಪತ್ತನಾಜೆಯವರೆಗೂ ತಿರುಗಾಟ ನಡೆಸುವುದು ವಾಡಿಕೆ. ಆ ವರ್ಷ ಸುಮಾರು ಎರಡು ತಿಂಗಳು ಮೊದಲೇ ಗೆಜ್ಜೆ ಬಿಚ್ಚಬೇಕಾಯಿತು. ಹರಕೆ ಆಟಗಳು ಮುಂದೆ ಹೋದವು. ಮಳೆಗಾಲವನ್ನು ದಾಟಿಸುವ ಸಂಬಳಕ್ಕೇ ಕತ್ತರಿ ಬಿದ್ದದ್ದರಿಂದ ಕಲಾವಿದರ ಮನೆಗಳು ಬಹಳ ಬಳಲಿದವು.

ಮನೆಗಳಲ್ಲಿ ಚೌಕಾಬಾರ, ಚನ್ನೆಮಣೆ ಅಟ್ಟದಿಂದ ಇಳಿದವು. ದೂರದರ್ಶನ ಮಾರ್ಚ್ 28ರಿಂದ ‘ರಾಮಾಯಣ’ವನ್ನು ಮರುಪ್ರಸಾರ ಮಾಡಿತು. ಜುಲೈ 17ರಂದು ಕನ್ನಡದ ‘ಲಾ’ ಚಿತ್ರ ಚಿತ್ರಮಂದಿರಕ್ಕೆ ಬಾರದೆ ನೇರವಾಗಿ ಒಟಿಟಿಯಲ್ಲಿ ತೆರೆಕಂಡಿತು. ಚಿತ್ರಮಂದಿರಗಳು ಬಾಗಿಲು ತೆರೆದದ್ದು ಅಕ್ಟೋಬರ್ 15ರ ಬಳಿಕ, ಅರ್ಧ ಆಸನಗಳೊಂದಿಗೆ.